ಮಾಲ್ಡೆಕ್ ಎಂಬ ಕೂಟ ಶಾಸನ

ಹಳೆಯ ತಾಮ್ರಪಟವೊಂದು ಕೈಗೆ ಬಂದರೆ ಶಾಸನತಜ್ಞರು ಅದರಲ್ಲಿ ಕೊರೆದ ಶಕವರ್ಷವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಮೊದಲು ಅಕ್ಷರಗಳ ರೂಪ ನೋಡುತ್ತಾರೆ. ಗಂಗರ ಹೆಸರಿನಲ್ಲಿ ಸಿಕ್ಕ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟ ಶಾಸನಗಳೆಂದು ತಳ್ಳಿಹಾಕಲು ಇದೂ ಒಂದು ಕಾರಣವಾಗಿತ್ತು: ಪಟ ಹೇಳಿಕೊಳ್ಳುವ ಕಾಲ ಒಂದು, ಲಿಪಿ ತೋರಿಸುವ ಕಾಲ ಇನ್ನೊಂದು. ಮಾಲ್ಡೆಕ್ ಎಂಬ ಗ್ರಹದ ಕಥೆಯನ್ನೂ ಹಾಗೆಯೇ ಓದಬೇಕು. ಮಂಗಳ ಮತ್ತು ಗುರುವಿನ ನಡುವೆ ಒಂದು ಗ್ರಹವಿತ್ತಂತೆ. ಬಹಳ ಮುಂದುವರಿದಿದ್ದ ಅಲ್ಲಿನ ಜನ ತಮ್ಮದೇ ಬಾಂಬಿನಿಂದ ಅದನ್ನು ಪುಡಿಗಟ್ಟಿಕೊಂಡರಂತೆ. ಕ್ಷುದ್ರಗ್ರಹಗಳೆಲ್ಲ ಅದರ ಚೂರುಗಳಂತೆ. ಸತ್ತವರ ಆತ್ಮಗಳು ಭೂಮಿಯಲ್ಲಿ ಮತ್ತೆ ಹುಟ್ಟಿದವಂತೆ. ಹೇಳುವವರು ಇದನ್ನು ಅತಿ ಪುರಾತನ ಜ್ಞಾನವೆನ್ನುತ್ತಾರೆ. ಇದರ ಲಿಪಿ ಮಾತ್ರ ಎರಡು ಕಾಲದ್ದು: ಒಂದು ಪದರ 1800ರ ಆಸುಪಾಸಿನದು, ಮೇಲಿನದು 1945ರ ನಂತರದ್ದು. ಅದಕ್ಕಿಂತ ಹಳೆಯ ಒಂದು ಅಕ್ಷರವೂ ಅದರಲ್ಲಿ ಕಾಣುವುದಿಲ್ಲ.

ಕೆಳಗಿನ ಪದರವನ್ನು ಬರೆದವರು ಮಂತ್ರವಾದಿಗಳಲ್ಲ, ಖಗೋಳಜ್ಞರು. 1766ರಲ್ಲಿ ಟೀಟಿಯಸ್ ಮುಂದಿಟ್ಟು 1772ರಲ್ಲಿ ಬೋಡೆ ಪ್ರಚಾರಕ್ಕೆ ತಂದ ಲೆಕ್ಕದ ಪ್ರಕಾರ, ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಎಂದಿಟ್ಟುಕೊಂಡರೆ ಉಳಿದ ಗ್ರಹಗಳು 0.4, 0.7, 1.6, 5.2, 10 ಎಂಬ ಸಾಲಿನಲ್ಲಿ ಕೂರುತ್ತವೆ. ನಡುವೆ 2.8ರ ಜಾಗ ಮಾತ್ರ ಖಾಲಿ. 1781ರಲ್ಲಿ ಹರ್ಷೆಲ್ ಕಂಡುಹಿಡಿದ ಯುರೇನಸ್ ಕೂಡ ಲೆಕ್ಕ ಹೇಳಿದ 19.6ರ ಹತ್ತಿರವೇ ಸಿಕ್ಕಿದ್ದರಿಂದ ಆ ಖಾಲಿ ಜಾಗ ಎಲ್ಲರನ್ನೂ ಕಾಡತೊಡಗಿತು. 1801ರ ಜನವರಿ 1ರಂದು ಪಲೆರ್ಮೋದಲ್ಲಿ ಪಿಯಾಝಿ ಕಂಡ ಸೀರಿಸ್ ಸರಿಯಾಗಿ ಅಲ್ಲಿಯೇ ಇತ್ತು. ಆದರೆ ಮರುವರ್ಷವೇ ಓಲ್ಬರ್ಸ್‌ಗೆ ಹೆಚ್ಚುಕಡಿಮೆ ಅದೇ ದೂರದಲ್ಲಿ ಪಲ್ಲಾಸ್ ಸಿಕ್ಕಿತು. ಒಂದು ಮನೆಗೆ ಇಬ್ಬರು ಒಡೆಯರೇ? ಇವು ಒಡೆದ ಒಂದೇ ಗ್ರಹದ ಚೂರುಗಳಿರಬೇಕು ಎಂದು ಓಲ್ಬರ್ಸ್ ಊಹಿಸಿದ. ಹಾಗಿದ್ದರೆ ಉಳಿದ ಚೂರುಗಳೂ ಒಡೆದ ಸ್ಥಳವನ್ನೇ ಮತ್ತೆ ಮತ್ತೆ ಹಾಯಬೇಕು, ಅಲ್ಲಿ ಕಾದು ನೋಡಿ ಎಂದ. 1804ರಲ್ಲಿ ಜೂನೋ, 1807ರಲ್ಲಿ ವೆಸ್ಟಾ ಸಿಕ್ಕಾಗ ಊಹೆ ನಿಜವೆಂದೇ ತೋರಿತು. ಇಷ್ಟು ಚೆನ್ನಾದ ಊಹೆ ವಿಜ್ಞಾನದಲ್ಲಿ ಅಪರೂಪ. ಎಲ್ಲಿ ನೋಡಿದರೆ ತಾನು ತಪ್ಪೆಂದು ಗೊತ್ತಾದೀತು ಎಂಬುದನ್ನೂ ಅದೇ ಹೇಳಿತ್ತು. ಆಮೇಲೆ ಸಿಕ್ಕ ನೂರಾರು ಕ್ಷುದ್ರಗ್ರಹಗಳ ಹಾದಿಗಳು ಒಂದೇ ಕಡೆ ಕೂಡಲಿಲ್ಲ. 1846ರಲ್ಲಿ ಸಿಕ್ಕ ನೆಪ್ಚೂನ್, ಬೋಡೆಯ ಲೆಕ್ಕ ಹೇಳಿದ 38.8ರ ಬದಲು 30ರಲ್ಲಿತ್ತು. ಖಾಲಿ ಮನೆಯೊಂದು ಇರಲೇಬೇಕೆಂದು ಹೇಳಿದ ಪಂಚಾಂಗವೇ ತಪ್ಪಿತು.

ಮೇಲಿನ ಪದರ ಬರುವುದು ಇಲ್ಲಿಂದ ನೂರು ವರ್ಷ ದಾಟಿದ ಮೇಲೆ. ಓಲ್ಬರ್ಸ್‌ನ ಗ್ರಹದಲ್ಲಿ ಜನರಿರಲಿಲ್ಲ, ಪಾಪವೂ ಇರಲಿಲ್ಲ. ಅದು ಅಣುಬಾಂಬಿನಿಂದ ನಾಶವಾಗಲು ಮೊದಲು ಅಣುಬಾಂಬು ಹುಟ್ಟಬೇಕಿತ್ತು. ಹಿರೋಷಿಮಾ ಉರಿದ ಮೂರು ವರ್ಷಕ್ಕೆ, 1948ರಲ್ಲಿ, ರಾಬರ್ಟ್ ಹೈನ್ಲೈನ್ ‘ಸ್ಪೇಸ್ ಕೆಡೆಟ್’ ಎಂಬ ಹದಿಹರೆಯದವರ ಕಾದಂಬರಿಯಲ್ಲಿ ಇದನ್ನೇ ಬರೆದ: ಐದನೆಯ ಗ್ರಹದ ಜನ ಅಣುಯುದ್ಧದಲ್ಲಿ ತಮ್ಮ ನೆಲವನ್ನೇ ಸಿಡಿಸಿಕೊಂಡಿದ್ದರು. ಅದು ಕಾದಂಬರಿ, ಹಾಗೆಂದೇ ಮಾರಾಟವಾಯಿತು. 1954ರ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ನಿನ ಜಲಜನಕ ಬಾಂಬು ಸಿಡಿಸಿತು. ವಿಕಿರಣದ ಬೂದಿ ಜಪಾನಿನ ಮೀನುಗಾರರ ಮೇಲೆ ಸುರಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ತನಗೆ ಅಶರೀರವಾಣಿ ಕೇಳಿಸಿತು ಎಂದವನು ಲಂಡನ್ನಿನ ಯೋಗಾಭ್ಯಾಸಿ ಜಾರ್ಜ್ ಕಿಂಗ್. ಮರುವರ್ಷ ಅವನು ಕಟ್ಟಿದ ಏಥೀರಿಯಸ್ ಸೊಸೈಟಿಯ ಬೋಧನೆಯಲ್ಲಿ ಮಾಲ್ಡೆಕ್ ಬಾಂಬಿನಿಂದ ನಾಶವಾಯಿತು, ಅದರ ಜನ ಭೂಮಿಗೆ ಬಂದರು. 1980ರ ದಶಕದಲ್ಲಿ ‘ರಾ’ ಎಂಬ ಅದೃಶ್ಯ ಶಕ್ತಿಯ ನುಡಿಗಳೆಂದು ಅಮೆರಿಕದಲ್ಲಿ ಪ್ರಕಟವಾದ ಪುಸ್ತಕಗಳೂ ಅದೇ ಗ್ರಹವನ್ನು ಮತ್ತೆ ಎತ್ತಿಕೊಂಡವು. ಲಕ್ಷಾಂತರ ವರ್ಷ ಬ್ರಹ್ಮಾಂಡ ಬಚ್ಚಿಟ್ಟಿದ್ದ ರಹಸ್ಯ, ಮನುಷ್ಯರ ಕೈಗೆ ಅಂಥದೇ ಬಾಂಬು ಬಂದ ಮೇಲೆಯೇ ಹೊರಬೀಳಬೇಕಾಯಿತು! ಲೇಖಕ ಝೆಕರಿಯಾ ಸಿಚಿನ್ 1976ರಲ್ಲಿ ಬಾಂಬನ್ನು ಕೈಬಿಟ್ಟು, ಬ್ಯಾಬಿಲೋನಿನ ಸೃಷ್ಟಿಪುರಾಣದ ತಿಯಾಮತ್ ಎಂಬ ದೇವತೆಯನ್ನೇ ಗ್ರಹವಾಗಿಸಿದ. ಆದರೆ ಮೂಲದಲ್ಲಿ ಆಕೆ ಮರ್ದುಕ್ ಎಂಬ ದೇವ ಸೀಳಿದ ಕಡಲದೇವಿ. ಆ ಕಥೆಯಲ್ಲಿ ಕ್ಷುದ್ರಗ್ರಹ ಕಂಡವರು 1801ರ ನಂತರ ಹುಟ್ಟಿದವರು ಮಾತ್ರ.

ಹುಟ್ಟಿದ ಕಾಲ ತಿಳಿದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ, ಊಹೆ ತಡವಾಗಿ ಬಂದರೂ ನಿಜವಿರಬಹುದು ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಉತ್ತರ ಲೆಕ್ಕದಿಂದಲೇ ಬರಬೇಕು. ಅಶರೀರವಾಣಿಯ ಮಾತಿಗೆಲ್ಲ ಲೆಕ್ಕ ಯಾಕೆ ಎನ್ನುವವರಿಗೆ, ದಿವ್ಯಶ್ರವಣದಿಂದ ಬಂದದ್ದೆನ್ನುವ ‘ವೈಮಾನಿಕ ಶಾಸ್ತ್ರ’ದ ವಿಮಾನಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1974ರಲ್ಲಿ ಕಾಗದದ ಮೇಲೆ ತೂಗಿ ನೋಡಿ, ಹಾರವು ಎಂದದ್ದು ನೆನಪಿರಲಿ. ಇಲ್ಲಿಯೂ ಹಾಗೆ ತೂಗೋಣ. ಒಂದು ಗ್ರಹವನ್ನು ಒಡೆದರೆ ಸಾಲದು. ಚೂರುಗಳನ್ನು ಅವುಗಳ ಪರಸ್ಪರ ಸೆಳೆತದಿಂದ ಬಿಡಿಸಿ ಚದುರಿಸಬೇಕು, ಇಲ್ಲದಿದ್ದರೆ ಅವು ಮತ್ತೆ ಕೂಡಿಕೊಳ್ಳುತ್ತವೆ. ಭೂಮಿಯನ್ನು ಹೀಗೆ ಚದುರಿಸಲು ಸೂರ್ಯ ಸುಮಾರು ಒಂದು ವಾರ ಎಲ್ಲ ದಿಕ್ಕಿಗೂ ಚೆಲ್ಲುವಷ್ಟು ಶಕ್ತಿ ಬೇಕು. ಮಂಗಳದಷ್ಟು ಚಿಕ್ಕ ಗ್ರಹಕ್ಕೂ, 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ 50 ಮೆಗಾಟನ್ನಿನ ಬಾಂಬಿನಂಥವು 20 ಲಕ್ಷ ಕೋಟಿಗೂ ಹೆಚ್ಚು ಬೇಕಾಗುತ್ತವೆ. ಇನ್ನು ಚೂರುಗಳ ತೂಕ: ಇಡೀ ಕ್ಷುದ್ರಗ್ರಹ ಪಟ್ಟಿಯನ್ನು ಗುಡ್ಡೆಹಾಕಿದರೂ ನಮ್ಮ ಚಂದ್ರನ ಶೇ 3ರಷ್ಟು ಮಾತ್ರ. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸೀರಿಸ್ ಒಂದೇ.

ಉಳಿದದ್ದು ಹೊರಗೆ ಹಾರಿಹೋಗಿರಬಹುದಲ್ಲ? ಹೋಗಿರಬಹುದು, ಗುರುವಿನ ಸೆಳೆತದಿಂದ ಆ ಪ್ರದೇಶದ ಬಹುಪಾಲು ಸರಕು ಚದುರಿಹೋಯಿತೆಂದು ವಿಜ್ಞಾನಿಗಳೇ ಹೇಳುತ್ತಾರೆ. ಹಾಗಾಗಿ ತೂಕದ ವಾದವೊಂದೇ ಸಾಲದು. ಮಾಲ್ಡೆಕ್‌ಗೆ ಉಳಿಗಾಲವಿಲ್ಲದಂತೆ ಮಾಡುವುದು ಕಲ್ಲುಗಳು. ಆ ಪಟ್ಟಿಯಿಂದ ಸಿಡಿದು ನಮ್ಮ ನೆಲಕ್ಕೆ ಬಿದ್ದ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಕಾಂಡ್ರೈಟ್‌ಗಳು: ಸುಮಾರು 456 ಕೋಟಿ ವರ್ಷಗಳ ಹಿಂದೆ ಸಣ್ಣ ಹರಳುಗುಂಡುಗಳು, ದೂಳು ಸೇರಿ ಗಟ್ಟಿಯಾದವು, ಆಮೇಲೆ ಎಂದೂ ಕರಗದವು. ದೊಡ್ಡ ಗ್ರಹದ ಒಡಲೊಳಗೆ ಇದ್ದಿದ್ದರೆ ಅವು ಎಂದೋ ಕರಗಿ ಗುರುತು ಸಿಗದಂತಾಗುತ್ತಿದ್ದವು. ಕಬ್ಬಿಣದ ಉಲ್ಕೆಗಳು ಒಡೆದ ಗರ್ಭವೊಂದಕ್ಕೆ ಸಾಕ್ಷಿಯಲ್ಲವೇ ಎಂದು ಕೇಳುವುದುಂಟು, ಮತ್ತು ಈ ನಂಬಿಕೆಯ ಪರವಾಗಿರುವ ಗಟ್ಟಿ ಪ್ರಶ್ನೆ ಇದೊಂದೇ. ಸಾಕ್ಷಿ ಹೌದು, ಒಂದು ಗರ್ಭಕ್ಕಲ್ಲ. ಅವುಗಳಲ್ಲಿ ಬೆರೆತ ನಿಕ್ಕಲ್, ಗ್ಯಾಲಿಯಂ, ಇರಿಡಿಯಂ ಅಳತೆಗಳು ಹತ್ತಾರು ಬೇರೆಬೇರೆ ತಾಯಿಕಾಯಗಳನ್ನು ತೋರಿಸುತ್ತವೆ. ಅವು ತಣಿದ ವೇಗ ಕೆಲವು ನೂರು ಕಿಲೋಮೀಟರ್ ಅಡ್ಡಳತೆಯ, ಅಥವಾ ಅದಕ್ಕೂ ಚಿಕ್ಕ ಕಾಯಗಳಿಗೆ ಹೊಂದುತ್ತದೆ. ಒಂದೇ ಕೊಪ್ಪರಿಗೆಯಲ್ಲಿ ಬೆಂದ ಅಡುಗೆಗೆ ಇಷ್ಟೊಂದು ರುಚಿಗಳಿರುವುದಿಲ್ಲ.

ಕೊನೆಗೆ ಉಳಿಯುವುದು ಮೆತ್ತಗಿನ ಆಕ್ಷೇಪ: ಕಥೆ ಸುಳ್ಳಾದರೇನು, ಬಾಂಬಿನ ವಿರುದ್ಧ ಎಚ್ಚರಿಕೆಯಲ್ಲವೇ? ಹೈನ್ಲೈನ್‌ನ ಕಾದಂಬರಿಯ ಮಟ್ಟಿಗೆ ಇದು ಸರಿ. ಆದರೆ ನಂಬಿಕೆಯಾದಾಗ ಕಥೆ ಇನ್ನೊಂದು ಕೆಲಸ ಮಾಡುತ್ತದೆ. ಕರ್ಮವೆಂಬ ನಮ್ಮದೇ ಪದವನ್ನು ಕಡ ತೆಗೆದುಕೊಂಡು, ಇಂದು ಭೂಮಿಯಲ್ಲಿ ನರಳುವವರು ಎಂದೋ ಯಾವುದೋ ಗ್ರಹ ಒಡೆದ ಪಾಪವನ್ನು ತೀರಿಸುತ್ತಿದ್ದಾರೆ ಎನ್ನುತ್ತದೆ. ಬಿಕಿನಿಯ ಬಾಂಬನ್ನು ಸಿಡಿಸಿದವರು ಯಾರು, ಅದರ ಬೂದಿ ಬಿದ್ದದ್ದು ಯಾರ ಮೇಲೆ ಎಂಬುದಕ್ಕೆ ಹೆಸರು, ದಿನಾಂಕ, ದಾಖಲೆ ಇದೆ. ಮಾಲ್ಡೆಕ್‌ನ ಲೆಕ್ಕದಲ್ಲಿ ಬಾಂಬು ಹಾಕಿದವನೂ ಬೂದಿ ಮೈಮೇಲೆ ಬಿದ್ದವನೂ ಒಂದೇ ಸಾಲದ ಪಾಲುದಾರರು. ಈ ಸಮೀಕರಣ ನನಗೆ ಗ್ರಹಸ್ಫೋಟಕ್ಕಿಂತ ಹೆಚ್ಚು ಅಸಹ್ಯವೆನಿಸುತ್ತದೆ.

ನಿಜವಾಗಿ ಅಲ್ಲಿ ಆದದ್ದು ಒಂದು ಗ್ರಹದ ಸಾವಲ್ಲ, ಗರ್ಭಪಾತ. ಗುರುವಿನ ಎಳೆತ ಆ ಪ್ರದೇಶದ ಕಲ್ಲುಗಳನ್ನು ಎಷ್ಟು ಜೋರಾಗಿ ಕದಡಿತೆಂದರೆ, ಅವು ಮೆಲ್ಲಗೆ ತಾಕಿ ಅಂಟಿಕೊಳ್ಳುವ ಬದಲು ಬಡಿದು ಒಡೆದವು. ಗ್ರಹವಾಗಲು ಹೊರಟು ಅರ್ಧಕ್ಕೆ ನಿಂತದ್ದು ವೆಸ್ಟಾ: ಒಳಗೆ ಕಬ್ಬಿಣದ ಗರ್ಭ, ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾ, ದಕ್ಷಿಣದಲ್ಲಿ ಸುಮಾರು 500 ಕಿಲೋಮೀಟರ್ ಅಗಲದ ಗುಂಡಿ. 2011ರಲ್ಲಿ ‘ಡಾನ್’ ನೌಕೆ ಅದನ್ನು ಸುತ್ತಿ ನೋಡಿತು. ವೆಸ್ಟಾದಿಂದ ಬಂದವೆಂದು ಗುರುತಿಸಲಾಗುವ ಹೋವಾರ್ಡೈಟ್ ಎಂಬ ಜಾತಿಯ ಕಲ್ಲೊಂದು 1994ರಲ್ಲಿ ರಾಜಸ್ಥಾನದ ಲೋಹಾವಟ್‌ನಲ್ಲಿ ಬಿತ್ತು.