ಮನೆಯೇನು ಹೋಟೆಲೇ?

ದುಡಿಯುವ ಮಗ ತಂದೆತಾಯಿಗಳ ಮನೆಯಲ್ಲಿದ್ದರೆ ಅವನಿಂದ ತಿಂಗಳ ಖರ್ಚಿಗೆ ಹಣ ಕೇಳಬಹುದೇ? ಕೇಳಬಹುದೆಂದು ನಾನು ಬಾಯಿಬಿಟ್ಟದ್ದೇ ತಡ, ಉದ್ಯಾನದ ಬೆಂಚಿನ ನಮ್ಮ ನಿವೃತ್ತರ ಮಂಡಲಿ ನನ್ನ ಮೇಲೆ ಬಿತ್ತು. "ಮಗನಿಂದ ವಸೂಲಿಯೇ? ಮನೆಯೇನು ಹೋಟೆಲೇ ಸ್ವಾಮಿ? ಅದೆಲ್ಲ ಬಿಳಿಯರ ಪದ್ಧತಿ, ನಮ್ಮದಲ್ಲ."

ಈ 'ನಮ್ಮದಲ್ಲ' ಎಂಬುದನ್ನು ನಾನು ಒಪ್ಪಲಾರೆ. ನಮ್ಮದು ಯಾವುದು? ನಾನು ಕಂಡ ಅವಿಭಕ್ತ ಕುಟುಂಬದಲ್ಲಿ ಸಂಬಳದ ಲಕೋಟೆ ದೇವರ ಮುಂದೆ ಕೂತು, ಅಲ್ಲಿಂದ ಅಪ್ಪನ ಕೈಗೋ ಅಮ್ಮನ ಕೈಗೋ ಹೋಗುತ್ತಿತ್ತು. ಸಂಬಳ ತಂದವನು ತನ್ನ ಬಸ್ ಚಾರ್ಜನ್ನೂ ಅವರಿಂದಲೇ ಕೇಳಿ ಪಡೆಯುತ್ತಿದ್ದ. ಊಟಕ್ಕೆ ಹೊತ್ತುಂಟು, ಬಚ್ಚಲಿಗೆ ಸರದಿಯುಂಟು; ನೀರು ಸೇದುವವರು ಯಾರು, ಎಲೆ ಹಾಕುವವರು ಯಾರು ಎಂಬುದೆಲ್ಲ ನಿಗದಿ. ದುಡಿದದ್ದೆಲ್ಲ ನನ್ನದು, ಅನ್ನ ಮಾತ್ರ ಅಮ್ಮನದು ಎಂಬ ಏರ್ಪಾಡು ಯಾವ ಅಜ್ಜನ ಕಾಲದ್ದೂ ಅಲ್ಲ, ನಿನ್ನೆ ಮೊನ್ನೆಯದು.

ಶಾಸ್ತ್ರವೇ ಬೇಕೆನ್ನುವಿರಾ? ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರೆಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟದ್ದು ನಿಜ. ಇಂದು ಆ ಹಕ್ಕು ನಡೆಯುವುದು ಪಿತ್ರಾರ್ಜಿತದಲ್ಲಿ. (1994ರಲ್ಲಿ ಕರ್ನಾಟಕ ಅದನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು, ಶಾಸ್ತ್ರ ಹೇಳುವವರಿಗೆ ಇದೊಂದು ಮರೆತುಹೋಗುತ್ತದೆ.) ಸ್ವಂತ ಸಂಪಾದನೆಯ ಮನೆಯಲ್ಲಿ ಮಗ, ಮದುವೆಯಾದವನಾಗಲಿ ಆಗದವನಾಗಲಿ, ತಂದೆತಾಯಿಗಳ ದಯೆಯಿಂದ ಇರಬಹುದೇ ಹೊರತು ಹಕ್ಕಿನಿಂದಲ್ಲವೆಂದು ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಹೇಳಿತು. ವೃದ್ಧ ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಮನೆಯ ಮಾತು ಕೋರ್ಟಿನ ಮೆಟ್ಟಿಲೇರುವುದಕ್ಕಿಂತ ಊಟದ ಮನೆಯಲ್ಲೇ ಮುಗಿದರೆ ವಾಸಿಯಲ್ಲವೇ?

ಹಣ ಇಲ್ಲಿ ಸಣ್ಣ ಮಾತು. ನನ್ನ ಸಿಟ್ಟೆಲ್ಲ ಅಡುಗೆಮನೆಯ ಬಗ್ಗೆ. ನಾನು 60ಕ್ಕೆ ನಿವೃತ್ತನಾದೆ, ಹಾರ ಹಾಕಿಸಿಕೊಂಡೆ. ನನ್ನ ಹೆಂಡತಿಗೆ ಅಂಥ ಆದೇಶವನ್ನು ಯಾರೂ ಹೊರಡಿಸಲಿಲ್ಲ. 29 ವರ್ಷದ ಮಗ ರಾತ್ರಿ ಹನ್ನೊಂದಕ್ಕೆ ಬರುತ್ತಾನೆಂದು ಹುಳಿ ಬಿಸಿಮಾಡಿಕೊಂಡು ಕಾದಿರುತ್ತಿದ್ದಳು. ಅವನು ಹೊರಗೇ ಉಂಡು ಬಂದಿರುತ್ತಿದ್ದ. ಹಾಗೆಂದು ಒಂದು ಫೋನು ಮಾಡಲು ಅವನಿಗೆ ನೆನಪಾಗುತ್ತಿರಲಿಲ್ಲ. ಇದನ್ನು ಮಾತೃವಾತ್ಸಲ್ಯವೆಂದು ಕೊಂಡಾಡುವ ಮಹನೀಯರು ಒಂದು ವಾರ ಆ ಒಲೆಯ ಮುಂದೆ ನಿಂತು ನೋಡಲಿ. ಹೋಟೆಲೆಂದರೆ ಇಂಥ ಮನೆಯೇ. ಅಲ್ಲಿನ ಮಾಣಿಗೆ ಸಂಬಳವಾದರೂ ಸಿಕ್ಕುತ್ತದೆ.

ಗೆರೆ ನಮಗೂ ಬೇಕು, ಒಪ್ಪಿದೆ. ಅವನ ಕೋಣೆಗೆ ಬಾಗಿಲು ತಟ್ಟದೆ ನುಗ್ಗಬಾರದು. ಊಟದ ತಟ್ಟೆಯ ಮುಂದೆ ಜಾತಕ ಬಿಚ್ಚಬಾರದು. ಕೆಲಸ ಕಳೆದುಕೊಂಡು ಮನೆಗೆ ಮರಳಿದ ಮಗನ ಮಾತೇ ಬೇರೆ. ಅವನಿಂದ ಕಾಸು ಕೇಳುವವನು ಕಟುಕ. ನಾನು ಹೇಳುತ್ತಿರುವುದು ಸಂಬಳದವನ ವಿಚಾರ.

ನಮ್ಮ ಮನೆಯಲ್ಲಿ ಯುಗಾದಿಯಿಂದ ಕರೆಂಟಿನ ಬಿಲ್ಲೂ ಹಾಲಿನ ಲೆಕ್ಕವೂ ಅವನ ಪಾಲಿಗೆ. ರಾತ್ರಿ ಒಂಬತ್ತೂವರೆಗೆ ಅಡುಗೆಮನೆ ಮುಚ್ಚುತ್ತದೆ. ತಡವಾಗಿ ಬಂದವರು ತಾವೇ ಬಡಿಸಿಕೊಂಡು ಪಾತ್ರೆ ತೊಳೆದಿಡಬೇಕು. ಮೊದಲ ವಾರ ಮುಖ ಊದಿಸಿಕೊಂಡಿದ್ದ. ಅವನ ತಾಯಿ ಈಗ ಹತ್ತು ಗಂಟೆಗೆ ಮಲಗುತ್ತಾಳೆ.