ಬೆಸುಗೆಯನ್ನು ಬಿಗಿದು ಪರೀಕ್ಷಿಸಬೇಕು

ಮಂಗಳೂರಿನ ಬಿಜೈಯ ಬಸ್ ನಿಲ್ದಾಣಕ್ಕೆ ಶಿರಾಡಿ ಘಾಟಿಯನ್ನಿಳಿದು ನಸುಕಿನಲ್ಲಿ ಬಂದು ಸೇರುವ ಬಸ್ಸುಗಳನ್ನು ನಿತ್ಯವೂ ಕಾಣುವ ನಮಗೆ, ಅವುಗಳ ಒಡಲಿನ ಕಂಬಿಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಬೆರಳಗಲಕ್ಕೂ ಕಡಿಮೆಯಾದ ಬೆಸುಗೆಯ ಗೆರೆಗಳೆಂಬ ವಿಚಾರವು ಮನಸ್ಸಿಗೆ ಬರುವುದು ಅಪೂರ್ವ. ಪಣಂಬೂರಿನ ಬಂದರಿನ ಯಂತ್ರಗಳೂ, ಮರದ ದೋಣಿಗಳ ಸ್ಥಾನವನ್ನು ಕ್ರಮೇಣ ಆಕ್ರಮಿಸಿರುವ ಉಕ್ಕಿನ ಮೀನುಗಾರಿಕಾ ದೋಣಿಗಳೂ ಇದೇ ಗೆರೆಗಳನ್ನು ನಂಬಿ ನಿಂತಿವೆ. ತೆಳುವಾದ ಹಲಗೆಯಿಂದಲೇ ಹೆಚ್ಚಿನ ಭಾರವನ್ನು ಹೊರಿಸಬಹುದೆಂಬ ಕಾರಣದಿಂದ ಅಧಿಕ ಸಾಮರ್ಥ್ಯದ ಉಕ್ಕು ಎಲ್ಲೆಡೆ ಬಳಕೆಗೆ ಬರುತ್ತಿರುವ ಈ ಕಾಲದಲ್ಲಿ, ಉಕ್ಕು ಬಲವಾದಷ್ಟೂ ಬೆಸುಗೆಯೂ ನಿಶ್ಚಿಂತವೆಂಬ ಭಾವನೆ ಬೆಳೆದುಬಂದಿದೆ. ಈ ಭಾವನೆ ಅಪಾಯಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಸೆಯುವಾಗ ಕರಗಿದ ಲೋಹವು ಎರಡು ಅಂಚುಗಳಿಂದ ನಡುವಿನ ಕಡೆಗೆ ಘನೀಭವಿಸುತ್ತ ಬರುವಾಗ, ಉಕ್ಕಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕ ಮತ್ತು ರಂಜಕಗಳು ಕೊನೆಗೆ ಉಳಿಯುವ ದ್ರವದಲ್ಲಿ ಬಂದು ಸೇರುತ್ತವೆ. ಉಕ್ಕು ಸುಮಾರು 1500 ಡಿಗ್ರಿಯಲ್ಲೇ ಗಟ್ಟಿಯಾಗುವುದಾದರೂ, ಕಬ್ಬಿಣ ಗಂಧಕಗಳು ಕೂಡಿದ ಆ ದ್ರವವು ಉಷ್ಣತೆ 988 ಡಿಗ್ರಿಗೆ ಇಳಿಯುವತನಕ ಕಣಗಳ ನಡುವೆ ಪೊರೆಯಾಗಿ ಹಬ್ಬಿಕೊಂಡಿರಬಲ್ಲದು. ಅಷ್ಟರಲ್ಲಿ ಬೆಸುಗೆ ಕುಗ್ಗತೊಡಗಿ, ಸುತ್ತಲಿನ ಹಲಗೆಗಳು ಅದನ್ನು ಕುಗ್ಗಗೊಡದೆ ಎಳೆದು ಹಿಡಿದಾಗ, ಗೆರೆಯ ನಟ್ಟನಡುವೆ ಬಿಸಿಯ ಬಿರುಕು ಬಾಯಿಬಿಡುತ್ತದೆ. ಮ್ಯಾಂಗನೀಸು ಗಂಧಕವನ್ನು ತನ್ನಲ್ಲಿ ಕಟ್ಟಿಕೊಂಡು ಈ ಕೇಡನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಉಕ್ಕಿಗೆ ಬಲ ಕೊಡುವ ಇಂಗಾಲವೂ ನಿಕ್ಕಲೂ ಹೆಚ್ಚಿದಂತೆ ಆ ರಕ್ಷಣೆ ಕುಂದುತ್ತದೆ. ಆಳವಾಗಿಯೂ ಕಿರಿದಾಗಿಯೂ ಹಾಕಿದ ಬೆಸುಗೆಗೆ ಅಪಾಯ ಇನ್ನೂ ಅಧಿಕ.

ವೆಲ್ಡಿಂಗ್ ಶಾಪಿನಲ್ಲಿ ಕೆಲಸಗಾರನು ಗೆರೆಯ ತುದಿಯಲ್ಲಿ ರಾಡನ್ನು ಥಟ್ಟನೆ ಎತ್ತಿಬಿಟ್ಟರೆ ಅಲ್ಲೊಂದು ಪುಟ್ಟ ಕುಳಿ ಉಳಿಯುತ್ತದೆ. ಸ್ಲ್ಯಾಗನ್ನು ಕುಟ್ಟಿ ತೆಗೆದು ಬ್ರಷ್ಷಿನಿಂದ ಉಜ್ಜಿ ನೋಡಿದಾಗ ಆ ಕುಳಿಯೊಳಗೆ ಕೆಲವೊಮ್ಮೆ ನಕ್ಷತ್ರದಂತೆ ಕವಲೊಡೆದ ಸೀಳು ಕಾಣುವುದುಂಟು. ಬಲ್ಲವನು ರಾಡನ್ನು ತುಸು ಹಿಂದಕ್ಕೆಳೆದು ಕುಳಿಯನ್ನು ತುಂಬಿಯೇ ಕೈ ಎತ್ತುತ್ತಾನೆ. ಆದರೆ ಗೆರೆಯ ಒಳಗೇ ಹುದುಗಿರುವ ಬಿರುಕು ಅವನ ಕೈಗೂ ಕಣ್ಣಿಗೂ ನಿಲುಕದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದಂದಿನಿಂದ ಹೆಂಚಿನ ಕೈಗಾರಿಕೆಯನ್ನು ಕಂಡ ಈ ಊರಿನಲ್ಲಿ, ಹೆಂಚನ್ನು ತಟ್ಟಿ ನಾದದಿಂದಲೇ ಸೀಳನ್ನು ಗುರುತಿಸುವ ಜನರಿದ್ದಾರೆ. ಬೆಸುಗೆಯಾದರೋ ಹಾಗೆ ತಟ್ಟಿದರೆ ತನ್ನ ಗುಟ್ಟನ್ನು ಹೇಳುವಂಥದಲ್ಲ.

ಆದುದರಿಂದಲೇ ಬಿರುಕನ್ನು ಬೇಕೆಂದೇ ಬರಿಸಿ ನೋಡುವ ಪರೀಕ್ಷೆಗಳು ಹುಟ್ಟಿಕೊಂಡವು. ಅಮೆರಿಕದ ಸ್ಯಾವೇಜ್ ಮತ್ತು ಲುಂಡಿನ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದ ವೇರ್‌ಸ್ಟ್ರೇಂಟ್ ಪರೀಕ್ಷೆಯಲ್ಲಿ, ಬೆಸುಗೆ ಇನ್ನೂ ಸಾಗುತ್ತಿರುವಾಗಲೇ ಹಲಗೆಯನ್ನು ಗೊತ್ತಾದ ತ್ರಿಜ್ಯದ ಅಚ್ಚಿನ ಮೇಲೆ ಹಠಾತ್ತನೆ ಬಗ್ಗಿಸಿ, ಉಂಟಾದ ಬಿರುಕುಗಳ ಉದ್ದವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಎಷ್ಟು ಎಳೆತಕ್ಕೆ ಯಾವ ಉಕ್ಕು ಸೋಲುವುದೆಂಬುದು ಸೇತುವೆ ಏಳುವ ಮೊದಲೇ ತಿಳಿಯುತ್ತದೆ.

ನಮ್ಮಲ್ಲಿ ವಾಡಿಕೆಯಲ್ಲಿರುವುದು ಬೇರೆ. ಒಂದು ಚಿಕ್ಕ ಹಲಗೆಯನ್ನು ಬೆಸೆದು, ಬಗ್ಗಿಸಿ, ಮುರಿದು ನೋಡಿ, ತೇರ್ಗಡೆಯಾಯಿತೆಂದು ಕಾಗದಕ್ಕೆ ಮೊಹರು ಹಾಕುತ್ತಾರೆ. ಆ ಪರೀಕ್ಷೆ ನಿರರ್ಥಕವೆಂದು ನಾನು ಹೇಳುವುದಿಲ್ಲ. ಆದರೆ ಮೇಜಿನ ಮೇಲೆ ಸ್ವತಂತ್ರವಾಗಿ ಕುಗ್ಗಬಲ್ಲ ತುಂಡು ಬಿರಿಯಲಿಲ್ಲವೆಂದ ಮಾತ್ರಕ್ಕೆ, ನಾಲ್ಕು ಕಡೆಯಿಂದಲೂ ದಪ್ಪ ತೊಲೆಗಳ ಬಿಗಿತದಲ್ಲಿ ಸಿಕ್ಕಿ ತಣಿಯಬೇಕಾದ ನಿಜವಾದ ಕೀಲು ಬಿರಿಯದೆಂದು ಹೇಳಲು ಯಾವ ಆಧಾರವಿದೆ? ಅದೇ ಹಲಗೆ, ಅದೇ ರಾಡು, ಅದೇ ಬಿಗಿತ: ಈ ಮೂರೂ ಕೂಡಿದ ಮಾದರಿಯನ್ನು ಮೊದಲು ಬೆಸೆದು, ಕತ್ತರಿಸಿ, ನಯಗೊಳಿಸಿ ನೋಡದೆ ಸಾರ್ವಜನಿಕ ಕಟ್ಟಡಗಳಲ್ಲಿ ಅಧಿಕ ಸಾಮರ್ಥ್ಯದ ಉಕ್ಕನ್ನು ಬೆಸೆಯಲು ಅನುಮತಿ ನೀಡಬಾರದು.

ಮೆಲ್ಬೋರ್ನಿನ ಕಿಂಗ್ಸ್ ಸೇತುವೆಯ ದೃಷ್ಟಾಂತ ಇಲ್ಲಿ ಸ್ಮರಣೀಯ. 1961ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ಅಧಿಕ ಸಾಮರ್ಥ್ಯದ ಉಕ್ಕಿನ ತೊಲೆಗಳು, 1962ರ ಜುಲೈ 10ರಂದು ಸುಮಾರು 45 ಟನ್ ಭಾರದ ವಾಹನವೊಂದು ಹಾದುಹೋಗುವಾಗ ಮುರಿದು ಕುಸಿದವು. ಅಲ್ಲಿಯದು ಬಿಸಿಯ ಬಿರುಕಲ್ಲ, ಬೆಸುಗೆಯ ಬದಿಯ ಉಕ್ಕಿನಲ್ಲಿ ಹುಟ್ಟಿದ ಬಿರುಕು; ಆದರೂ ತೊಲೆಗಳು ಕಾರ್ಖಾನೆಯಿಂದ ಹೊರಡುವ ಮೊದಲೇ ಅದು ಅವುಗಳಲ್ಲಿ ಮೊಳೆತಿತ್ತೆಂಬುದು ನಮಗೆ ಸಾಲದೇ?

ಇಂಥ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ನಾವು ದೂರದಿಂದ ತರಬೇಕಾಗಿಲ್ಲ. ಸುರತ್ಕಲ್ಲಿನಲ್ಲಿ 1960ರಲ್ಲಿ ಕೆ.ಆರ್.ಇ.ಸಿ. ಎಂಬ ಹೆಸರಿನಿಂದ ಆರಂಭವಾದ ಇಂದಿನ ಎನ್.ಐ.ಟಿ.ಕೆ.ಯಲ್ಲಿ ಲೋಹಶಾಸ್ತ್ರದ ವಿಭಾಗವೇ ಇದೆ; ಕದ್ರಿಯಲ್ಲಿ ಪಾಲಿಟೆಕ್ನಿಕ್ಕೂ ಐ.ಟಿ.ಐ.ಯೂ ಇವೆ. ಕೊರತೆಯಿರುವುದು ಟೆಂಡರಿನ ಷರತ್ತಿನಲ್ಲಿ. ಪರೀಕ್ಷೆಯ ವೆಚ್ಚವನ್ನು ಗುತ್ತಿಗೆದಾರನ ಒಟ್ಟು ದರದೊಳಗೆ ಅಡಗಿಸಿಬಿಟ್ಟರೆ ಅವನು ಮೊದಲು ಉಳಿಸುವುದು ಅದನ್ನೇ. ಆದಕಾರಣ ಕಾಮಗಾರಿಯನ್ನು ಮಾಡಿಸುವ ಇಲಾಖೆಯೇ ಆ ವೆಚ್ಚವನ್ನು ಪ್ರತ್ಯೇಕವಾಗಿ ಭರಿಸಿ, ಪರೀಕ್ಷೆಯನ್ನು ಗುತ್ತಿಗೆದಾರನಿಗೆ ಅಧೀನವಲ್ಲದ ಪ್ರಯೋಗಾಲಯಕ್ಕೆ ಒಪ್ಪಿಸಿ, ಫಲಿತಾಂಶವನ್ನು ಕಾಮಗಾರಿಯ ಫಲಕದ ಮೇಲೆ ಸಾರ್ವಜನಿಕರಿಗೆ ತೋರಿಸಬೇಕು. ಬಿರುಕು ಬಂದಾಗಲೆಲ್ಲ ಬೆಸುಗೆಗಾರನ ಕೈಯನ್ನೇ ದೂರುವ ಅನ್ಯಾಯವೂ ಇಲ್ಲಿಗೆ ನಿಲ್ಲಬೇಕು. ಉಕ್ಕಿನಲ್ಲಿ ಗಂಧಕವೆಷ್ಟು, ರಂಜಕವೆಷ್ಟು ಎಂಬುದನ್ನು ತಿಳಿಸುವ ಕಾರ್ಖಾನೆಯ ಪ್ರಮಾಣಪತ್ರವು ಇಂದು ಕಚೇರಿಯ ಕಡತದಲ್ಲೇ ಉಳಿದುಬಿಡುತ್ತದೆ. ರಾಡನ್ನು ಆರಿಸುವ ಮುನ್ನ ಅದನ್ನು ಅವನ ಮುಂದಿಟ್ಟು, ಅವನಿಗೆ ತಿಳಿಯುವ ಕನ್ನಡದಲ್ಲಿ ವಿವರಿಸುವುದು ಮೇಲ್ವಿಚಾರಕನ ಕರ್ತವ್ಯವೆಂದು ಷರತ್ತಿನಲ್ಲೇ ಬರೆಯಬೇಕು.