ನಾಲ್ಕು ಟೂಲ್, ಒಂದೇ ಫೈಲ್

ಹಿನಕಲ್ ಫ್ಲೈಓವರ್ ಪಕ್ಕದ ನಮ್ಮ ಪುಟ್ಟ ಆಫೀಸಿನಲ್ಲಿ ಇರೋದು ಐದೇ ಜನ, ಎಐ ಕೋಡಿಂಗ್ ಟೂಲ್‌ಗಳು ಮಾತ್ರ ನಾಲ್ಕು. ಇಬ್ಬರದು ಕರ್ಸರ್, ಒಬ್ಬರದು ಕ್ಲಾಡ್ ಕೋಡ್, ನನ್ನದು ಕೋಪೈಲಟ್, ಹೊಸದಾಗಿ ಸೇರಿದ ಹುಡುಗನದು ಜೆಮಿನಿ ಸಿಎಲ್‌ಐ. ಇರಲಿ, ಒಬ್ಬರಿಗೆ ಕಾಫಿ ಒಬ್ಬರಿಗೆ ಟೀ. ತಕರಾರು ಬರೋದು ಈ ಟೂಲ್‌ಗಳಿಗೆ ಬರೆದಿಡುವ ಸೂಚನೆಗಳ ಫೈಲಿನಲ್ಲಿ.

ಕೋಡನ್ನು ಹೇಗೆ ಬಿಲ್ಡ್ ಮಾಡಬೇಕು, ಟೆಸ್ಟ್ ಯಾವ ಕಮಾಂಡಿನಿಂದ ಓಡುತ್ತೆ, ಯಾವ ಫೋಲ್ಡರ್ ಮುಟ್ಟಬಾರದು ಅನ್ನೋದೆಲ್ಲ ಇರುವ ಫೈಲ್ ಅದು. ಕ್ಲಾಡ್ ಕೋಡ್ ಹುಡುಕೋದು ಕ್ಲಾಡ್.ಎಂಡಿ, ಜೆಮಿನಿ ಹುಡುಕೋದು ಜೆಮಿನಿ.ಎಂಡಿ. ಕೋಪೈಲಟ್‌ಗೆ, ಕರ್ಸರ್‌ಗೆ ಮತ್ತೆ ಅವರವರದೇ ಜಾಗ. ಒಂದನ್ನೇ ನಾಲ್ಕು ಕಡೆ ಕಾಪಿ ಮಾಡಿದರೆ ಮೊದಲ ದಿನ ಸರಿಯಾಗೇ ಇರುತ್ತೆ. ತಿಂಗಳಾಗುವಷ್ಟರಲ್ಲಿ ನಾಲ್ಕೂ ನಾಲ್ಕು ಮಾತಾಡ್ತಿರುತ್ತವೆ.

ನಮ್ಮಲ್ಲೂ ಅದೇ ಆಯ್ತು. ಹಳೆಯ ಡೇಟಾಬೇಸ್ ಮೈಗ್ರೇಷನ್ ಫೈಲ್ ತಿದ್ದಬಾರದು, ಬದಲಾವಣೆಗೆ ಹೊಸ ಫೈಲನ್ನೇ ಸೇರಿಸಬೇಕು ಎಂಬ ಸಾಲು ಕರ್ಸರ್ ರೂಲ್ಸ್‌ನಲ್ಲಿ ಮಾತ್ರ ಇತ್ತು. ಹುಡುಗನ ಟೂಲ್ ಹಳೇ ಫೈಲಿಗೇ ಒಂದು ಕಾಲಂ ಸೇರಿಸಿಬಿಟ್ಟಿತು. ಅವನ ಲ್ಯಾಪ್‌ಟಾಪಿನ ಡೇಟಾಬೇಸ್ ಖಾಲಿ, ಹಾಗಾಗಿ ಟೆಸ್ಟೆಲ್ಲ ಪಾಸ್. ಸ್ಟೇಜಿಂಗ್‌ನಲ್ಲಿ ಆ ಮೈಗ್ರೇಷನ್ ಮೊದಲೇ ಓಡಿ ಆಗಿತ್ತು, ಕಾಲಂ ಬರಲೇ ಇಲ್ಲ. ಎರಡು ದಿನ ಹುಡುಕಾಟ. ಬೈಸಿಕೊಂಡವನು ಮಾತ್ರ ಇನ್ನೂ ಪ್ರೊಬೇಷನ್‌ನಲ್ಲಿದ್ದ ಆ ಹುಡುಗ. ನನಗದು ಸರಿ ಕಾಣಲಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ, ಅವನ ಟೂಲಿಗೂ ಹೇಳಿರಲಿಲ್ಲ.

ಈ ಗೋಜಲಿಗೇ 2025ರಲ್ಲಿ ಏಜೆಂಟ್ಸ್.ಎಂಡಿ ಅನ್ನೋ ಸಾಮಾನ್ಯ ಹೆಸರು ಬಂದದ್ದು. ಓಪನ್‌ಎಐ, ಗೂಗಲ್, ಕರ್ಸರ್ ಮುಂತಾದವರು ಕೈಜೋಡಿಸಿದರು. ಆ ಡಿಸೆಂಬರ್‌ನಿಂದ ಅದು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿದೆ. ಕರ್ಸರ್, ಕೋಪೈಲಟ್ ಇದನ್ನು ನೇರವಾಗಿ ಓದುತ್ತವೆ. ಕ್ಲಾಡ್.ಎಂಡಿಯಲ್ಲಿ ಒಂದೇ ಒಂದು ಸಾಲು ಹಾಕಿದ್ದೇವೆ: ಆಟ್ ಚಿಹ್ನೆ, ಅದಕ್ಕೆ ಅಂಟಿಕೊಂಡು ಏಜೆಂಟ್ಸ್.ಎಂಡಿ ಹೆಸರು. ಇಡೀ ಫೈಲ್ ಅಲ್ಲಿಗೆ ಬಂದು ಕೂರುತ್ತೆ. ಜೆಮಿನಿಗೆ ಸೆಟ್ಟಿಂಗ್ಸ್‌ನಲ್ಲಿ ಫೈಲಿನ ಹೆಸರು ಬದಲಾಯಿಸಿದರೆ ಸಾಕು. ಸಿಮ್‌ಲಿಂಕ್ ಮಾಡಬಹುದಲ್ವಾ ಅಂತ ನೀವು ಕೇಳಬಹುದು. ಮ್ಯಾಕ್, ಲಿನಕ್ಸ್‌ನಲ್ಲಿ ಧಾರಾಳವಾಗಿ. ವಿಂಡೋಸ್‌ನಲ್ಲಿ ಮಾತ್ರ ಗಿಟ್ ಕೆಲವೊಮ್ಮೆ ಲಿಂಕಿನ ಬದಲು ದಾರಿ ಬರೆದ ಒಂದು ಸಾಲಿನ ಫೈಲ್ ಕೊಟ್ಟು ಸುಮ್ಮನಾಗುತ್ತೆ, ಟೂಲ್ ಅದನ್ನೇ ಸೂಚನೆ ಅಂದುಕೊಳ್ಳುತ್ತೆ.

ಇನ್ನು, ಒಂದೇ ಫೈಲ್ ಅಂತ ಅದಕ್ಕೇ ಎಲ್ಲ ತುರುಕಬೇಡಿ. ಪ್ರತಿ ಸಲವೂ ಟೂಲ್ ಅದನ್ನು ಓದಬೇಕು, ಉದ್ದವಾದಷ್ಟೂ ಮುಖ್ಯ ಸಾಲು ಮುಳುಗಿಹೋಗುತ್ತೆ. 'ನನಗೆ ಚುಟುಕಾಗಿ ಉತ್ತರಿಸು' ಥರದ ಸ್ವಂತ ಇಷ್ಟಗಳು ಅವರವರ ಹೋಮ್ ಫೋಲ್ಡರಿನಲ್ಲಿರಲಿ. ಪಾಸ್‌ವರ್ಡ್, ಎಪಿಐ ಕೀ ಅಂತೂ ಈ ಫೈಲಿನ ಹತ್ತಿರಕ್ಕೂ ಬರಬಾರದು.

ಇಷ್ಟಾದರೂ ಇದು ಸೂಚನೆ, ಬೀಗ ಅಲ್ಲ. ಓದಿಯೂ ಟೂಲ್ ಮರೆಯಬಹುದು. ಅದಕ್ಕೇ ಸಿಐನಲ್ಲೂ ಒಂದು ಚೆಕ್ ಹಾಕಿಸಿದೆ: ಮೇನ್ ಬ್ರಾಂಚಿಗೆ ಸೇರಿದ ಮೈಗ್ರೇಷನ್ ತಿದ್ದಿದರೆ ಪುಲ್ ರಿಕ್ವೆಸ್ಟ್ ಅಲ್ಲೇ ಕೆಂಪಾಗುತ್ತೆ, ತಿದ್ದಿದವರು ಸೀನಿಯರ್ ಆಗಿದ್ದರೂ. ಚೆಕ್ ಬಂದ ಮೇಲೆ ಮೊದಲು ಸಿಕ್ಕಿಬಿದ್ದವರು ಸೀನಿಯರ್ರೇ. ಆಗ ಯಾರೂ ಬೈಯಲಿಲ್ಲ ಅನ್ನೋದು ಬೇರೆ ಮಾತು.